ಕಿಟಕಿಕಟ್ಟೆಯ ಮೇಲೊಂದು ಜಗ್ಗು

ಭಾನುವಾರ, ಹದಿನಾಲ್ಕನೆಯ ತಾರೀಖು
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಪಿಟೀಲು,

ನಿನ್ನ ಪತ್ರ ಬಂದು ಇವತ್ತಿಗೆ ಇಪ್ಪತ್ಮೂರು ದಿನ. ನಡುವೆ ನೀನು ಮೂರು ಸಲ ಫೋನು ಮಾಡಿದೆ. ಮೂರು ಸಲವೂ "ಬರೀತೀನಮ್ಮಾ, ಬರೀತೀನಿ" ಎಂದು ಇಟ್ಟುಬಿಟ್ಟೆ. ಪುರಸಭೆಯವರು ಹತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಹನ್ನೊಂದನೆಯ ದಿನ ನೆನಪೋಲೆ ಕಳಿಸುವ ಮನುಷ್ಯ ನಾನು. ಸ್ವಂತ ಮಗಳನ್ನು ಇಷ್ಟು ದಿನ ಕಾಯಿಸಿದೆ. ಬೈಯಬೇಕೆನ್ನಿಸಿದರೆ ಬೈದುಬಿಡು, ನಿನ್ನ ಕಡೆ ನ್ಯಾಯವಿದೆ.

ಮೊದಲು ಆರೋಗ್ಯ. ಜ್ವರ ಬಿಟ್ಟು ಇಪ್ಪತ್ತೆಂಟು ದಿನವಾಯಿತು. ಅಂಗೈ ಅಂಗಾಲಿನ ಕೆಂಪು ಚುಕ್ಕೆಗಳು ಮಾಸಿವೆ. ಮಾತ್ರೆಯ ಕೋರ್ಸು ಪೂರ್ತಿ ಮುಗಿಸಿದ್ದೇನೆ, ಒಂದೂ ಉಳಿದಿಲ್ಲ. ಖಾಲಿ ಹಾಳೆಯನ್ನು ನಿನಗೆ ತೋರಿಸಲೆಂದೇ ಎತ್ತಿಟ್ಟಿದ್ದೇನೆ. ಮೆಟ್ಟಿಲು ಹತ್ತಿದರೆ ಮಾತ್ರ ಕಾಲು ನಡುಗುತ್ತದೆ. ಎದುರುಮನೆಯ ದರ್ಜಿ ದಿನಾ ಬೆಳಿಗ್ಗೆ ಬಾಗಿಲು ತಟ್ಟಿ "ಇದ್ದೀರಾ?" ಅನ್ನುತ್ತಾನೆ. "ಇದ್ದೀನಿ" ಅನ್ನುತ್ತೇನೆ. ಹೋಗುತ್ತಾನೆ. ಈ ವಯಸ್ಸಿನಲ್ಲಿ ಇದಕ್ಕಿಂತ ಉಪಯುಕ್ತವಾದ ಸಂಭಾಷಣೆ ಇನ್ನೊಂದಿಲ್ಲ.

ಕಾಯಿಲೆ ಹೇಗೆ ಬಂತೆಂದು ಫೋನಿನಲ್ಲಿ ಪೂರ್ತಿ ಹೇಳಿರಲಿಲ್ಲ. ಹೇಳಿದರೆ ನಗುತ್ತೀಯ ಎಂದು. ಈಗ ನಗು, ನನಗೆ ಕೇಳಿಸುವುದಿಲ್ಲ.

ಗ್ರಂಥಾಲಯದ ಹಿಂದಿನ ಖಾಲಿ ಜಾಗದ ಹುಲ್ಲು ನಿನಗೆ ಗೊತ್ತು. ಅದನ್ನು ಕೊಯ್ಯಿಸಿ ಎಂದು ಹನ್ನೊಂದು ವರ್ಷದಲ್ಲಿ ಹದಿನೇಳು ಪತ್ರ ಬರೆದಿದ್ದೇನೆ. ಬೀದಿನಾಯಿಗಳು ಅಲ್ಲೇ ಮಲಗುತ್ತವೆ, ಮಕ್ಕಳು ಅದರೊಳಗೇ ಹಾದು ಶಾಲೆಗೆ ಹೋಗುತ್ತವೆ, ಒಂದು ದಿನ ಯಾರಿಗಾದರೂ ಏನಾದರೂ ಆಗುತ್ತದೆ ಎಂದು ಹದಿನೇಳರಲ್ಲೂ ಬರೆದಿದ್ದೆ. ಹದಿನೇಳನೆಯದಕ್ಕೆ ಉತ್ತರ ಬಂತು. "ಹುಲ್ಲಿನ ಎತ್ತರವು ಮಿತಿ ಮೀರಿರುವ ಬಗ್ಗೆ ಅರ್ಜಿದಾರರು ಪುರಾವೆ ಒದಗಿಸತಕ್ಕದ್ದು." ಕಚೇರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಾಣುವ ಹುಲ್ಲಿಗೆ ಪುರಾವೆ! ನನಗೆ ರೇಗಿತು. ದರ್ಜಿಯ ಅಳತೆಪಟ್ಟಿ ಇಸಕೊಂಡು, ಪ್ಯಾಂಟು ಮಂಡಿಯವರೆಗೆ ಮಡಚಿ, ಹುಲ್ಲಿನೊಳಗೆ ಇಳಿದೆ. ಒಂಬತ್ತು ಕಡೆ ಅಳೆದೆ. ಸರಾಸರಿ ಎರಡೂಮುಕ್ಕಾಲು ಅಡಿ.

ಎರಡು ದಿನ ಬಿಟ್ಟು ನೋಡಿದರೆ ಮಂಡಿಯ ಹಿಂಭಾಗದಲ್ಲಿ ಒಂದು ಉಣ್ಣಿ, ಬಟಾಣಿಯಷ್ಟು ಊದಿಕೊಂಡು ಕೂತಿದೆ. ನಮ್ಮ ಕಪಾಟಿನ ಹಳೆಯ ಮನೆವೈದ್ಯದ ಪುಸ್ತಕದಲ್ಲಿ ಸೀಮೆಎಣ್ಣೆ ಹಚ್ಚಿ ಕೀಳಬೇಕೆಂದಿತ್ತು. ಹಚ್ಚಿ ಕಿತ್ತೆ. ಮೈ ಬಂತು, ಮೂತಿ ಒಳಗೇ ಉಳಿಯಿತು. ಬಂದ ಮೈಯನ್ನು ಎಸೆಯಲಿಲ್ಲ. ಹದಿನೆಂಟನೆಯ ಪತ್ರಕ್ಕೆ ಪಾರದರ್ಶಕ ಟೇಪಿನಲ್ಲಿ ಅಂಟಿಸಿ, ಕೆಳಗೆ "ಲಗತ್ತು: ಉಣ್ಣಿ, ಒಂದು" ಎಂದು ಬರೆದು ಕಳಿಸಿದೆ. ಆರನೆಯ ದಿನ ಜ್ವರ ಬಂತು. ಎಂಟನೆಯ ದಿನ ದರ್ಜಿ ಬಾಗಿಲು ಒಡೆದು ಆಸ್ಪತ್ರೆಗೆ ಒಯ್ದ.

ಆ ವಾರ್ಡಿನ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಗಾತ್ರದಲ್ಲಿ ದೊಡ್ಡವರೇನಲ್ಲ, ಧ್ವನಿ ದೊಡ್ಡದು. ನನ್ನ ಮಂಡಿಯ ಹಿಂದಿನ ಕಪ್ಪು ಗಾಯ ನೋಡಿ ಕೇಳಿದರು, "ಇದಕ್ಕೆ ಏನು ಹಚ್ಚಿದ್ರಿ?"

"ಸೀಮೆಎಣ್ಣೆ."

"ಯಾರು ಹೇಳಿದ್ದು?"

"ಪುಸ್ತಕದಲ್ಲಿತ್ತು."

"ಯಾವ ಕಾಲದ ಪುಸ್ತಕ?"

ಅಚ್ಚಾದ ವರ್ಷ ಹೇಳಿದೆ. ಪ್ರೆಸ್ಸಿನಲ್ಲಿ ನಲವತ್ತು ವರ್ಷ ಕರಡು ತಿದ್ದಿದವನಿಗೆ ಅದು ಜ್ವರದಲ್ಲೂ ನೆನಪಿರುತ್ತದೆ.

"ಆಗ ನಾನೇ ಹುಟ್ಟಿರಲಿಲ್ಲ ಯಜಮಾನ್ರೇ" ಅಂದರು. "ಎಣ್ಣೆ ಹಾಕಿದ್ರೆ ಅದು ಸಾಯೋಕೆ ಮುಂಚೆ ಹೊಟ್ಟೇಲಿರೋದನ್ನೆಲ್ಲ ನಿಮ್ಮೊಳಗೇ ಕಕ್ಕುತ್ತೆ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೆಟ್ಟಗೆ ಎತ್ತಬೇಕು. ಅಷ್ಟೇ. ಉಣ್ಣಿ ಎಲ್ಲಿದೆ ಈಗ?"

"ಪುರಸಭೆಯಲ್ಲಿ."

ಅವರು ನನ್ನ ಮುಖ ನೋಡಿದರು. ಜ್ವರ ತಲೆಗೇರಿದೆ ಅಂದುಕೊಂಡಿರಬೇಕು. ಚಾರ್ಟಿನಲ್ಲಿ ಏನೋ ಗುರುತು ಹಾಕಿಕೊಂಡರು.

ಇಷ್ಟಾದ ಮೇಲೆ ಅವರು ಮಾಡಿದ ಕೆಲಸವನ್ನು ನೀನು ಗಮನವಿಟ್ಟು ಓದಬೇಕು. ಮಂಚದ ಪಕ್ಕದ ಸ್ಟೀಲ್ ಜಗ್ಗು ಎತ್ತಿ ದರ್ಜಿಯ ಕೈಗೆ ಕೊಟ್ಟು, "ಕಾರಿಡಾರಿನ ಕೊನೇಲಿ ಕುಡಿಯೋ ನೀರಿನ ನಲ್ಲಿ ಇದೆ, ತುಂಬಿಸ್ಕೊಂಡು ಬನ್ನಿ" ಅಂದರು. ಅವನು ಹೋದ. ಹೋದ ತಕ್ಷಣ ಕುರ್ಚಿ ಎಳೆದು ನನ್ನ ತಲೆಯ ಹತ್ತಿರ ಕೂತರು. "ಈಗ ಹೇಳಿ. ಯಾವತ್ತಾದ್ರೂ ಮಾತ್ರೆ ನುಂಗಿದ ಮೇಲೆ, ಸೂಜಿ ಚುಚ್ಚಿದ ಮೇಲೆ ಮೈ ಕೆರೆದಿದ್ಯಾ? ತುಟಿ, ಮುಖ ಊದಿದ್ಯಾ? ಉಸಿರು ಹಿಡಿದಿದ್ಯಾ? ಚಿಕ್ಕೋರಿದ್ದಾಗ 'ಇವನಿಗೆ ಇದು ಆಗಲ್ಲ' ಅಂತ ಮನೇಲಿ ಏನನ್ನಾದ್ರೂ ದೂರ ಇಡ್ತಿದ್ರಾ?" ಒಂದೊಂದಕ್ಕೂ ಉತ್ತರ ಬರುವ ತನಕ ಸುಮ್ಮನೆ ಕಾದರು. ಬರೆದುಕೊಂಡದ್ದನ್ನು ನನಗೇ ಓದಿ ಹೇಳಿದರು. ದರ್ಜಿ ವಾಪಸು ಬಂದಾಗ ಎಲ್ಲ ಮುಗಿದಿತ್ತು.

"ಆ ನಲ್ಲೀಲಿ ನೀರು ದಾರದ ಹಾಗೆ ಬರುತ್ತೆ ಕಣ್ರೀ" ಎಂದು ಅವನು ಗೊಣಗಿದ. "ಜಗ್ಗು ತುಂಬೋಕೆ ನಾಲ್ಕು ನಿಮಿಷ ಬೇಕು."

ನನಗೆ ಹುಮ್ಮಸ್ಸು ಬಂತು. "ನಾಳೆಯೇ ಒಂದು ದೂರು ಬರೆದುಕೊಡ್ತೀನಿ ಸಿಸ್ಟರ್" ಅಂದೆ.

"ದಯವಿಟ್ಟು ಬರೀಬೇಡಿ" ಅಂದರು ದೊಡ್ಡ ಸಿಸ್ಟರ್. "ಆ ನಾಲ್ಕು ನಿಮಿಷ ನಮಗೆ ಬೇಕು."

ಮಾರನೆಯ ದಿನ ಬಿಡಿಸಿ ಹೇಳಿದರು. ಅತ್ತೆಯ ಮುಂದೆ ಸೊಸೆ ಹೇಳುವುದಿಲ್ಲ, ಮಗನ ಮುಂದೆ ಅಪ್ಪ ಹೇಳುವುದಿಲ್ಲ. ಗಂಡನ ಮುಂದೆ ಹೆಂಡತಿ ಬಾಯಿ ತೆಗೆಯುವಷ್ಟರಲ್ಲಿ ಗಂಡನೇ ಹೇಳಿ ಮುಗಿಸಿರುತ್ತಾನೆ. "ಹೊರಗೆ ಹೋಗಿ" ಅಂದರೆ ಜಗಳಕ್ಕೆ ಬರುತ್ತಾರೆ; "ನೀರು ತನ್ನಿ" ಅಂದರೆ ಸೇವೆ ಎಂದುಕೊಂಡು ಓಡುತ್ತಾರೆ. ಯಾವ ಪಠ್ಯದಲ್ಲೂ ಇಲ್ಲದ ಈ ಉಪಾಯ ಎಲ್ಲಿ ಕಲಿತಿರಿ ಅಂದೆ. "ನಾನು ಕೆಲಸಕ್ಕೆ ಸೇರಿದ ವರ್ಷ ಇಲ್ಲೊಬ್ಬರು ಹಿರಿಯ ಸಿಸ್ಟರ್ ಇದ್ರು. ಅವರದು" ಅಂದರು. ಅಷ್ಟಕ್ಕೇ ಯಾರೋ ಕರೆದರು, ಎದ್ದು ಹೋದರು.

ಇನ್ನು ನೀನು ಕೇಳಿದ ವಿಷಯ.

ನಾನಿದ್ದದ್ದು ನಾಲ್ಕು ಮಂಚದ ನಿಗಾ ಕೋಣೆ. ಈ ಕಡೆ ಎರಡು ಗಂಡಸರಿಗೆ, ಆ ಕಡೆ ಎರಡು ಹೆಂಗಸರಿಗೆ, ನಡುವೆ ಹಸಿರು ಪರದೆ. ಪರದೆಯ ಮೂರು ಬಳೆ ಕಿತ್ತುಹೋಗಿ ಒಂದು ಮೂಲೆ ಜೋಲುತ್ತಿತ್ತು. ಅದರ ಬಗ್ಗೆ ಬಂದ ಎರಡನೆಯ ದಿನವೇ ಬರೆದುಕೊಟ್ಟಿದ್ದೆ. ಯಾರೂ ಸರಿಪಡಿಸಿರಲಿಲ್ಲ. ಆ ಸಂದಿನಿಂದ ಪಕ್ಕದ ಮಂಚ ನನಗೆ ಪೂರ್ತಿ ಕಾಣುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಒಬ್ಬ ಗಣಿತದ ಮೇಷ್ಟ್ರು ತನ್ನ ಹೆಂಡತಿಯನ್ನು ಕರೆತಂದರು. ಆ ತಾಯಿಗೆ ಮೊದಲಿಂದ ಒಂದು ಕಾಯಿಲೆ ಇತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುತ್ತದಲ್ಲ, ಆ ಜಾತಿಯದು. ಅದನ್ನು ಅಡಗಿಸುವ ಮಾತ್ರೆ ತಿನ್ನುತ್ತಿದ್ದುದರಿಂದ ಬೇರೆ ಸೋಂಕು ಸುಲಭವಾಗಿ ಹತ್ತುತ್ತಿತ್ತು. ಈಗ ಎದೆಗೆ ಹತ್ತಿತ್ತು. ಕೆನ್ನೆಯ ಎರಡೂ ಕಡೆ ಕೆಂಪು, ಬೆರಳುಗಳ ಗೆಣ್ಣು ಊದಿದ್ದವು. ಡಾಕ್ಟರು ಆಂಟಿಬಯಾಟಿಕ್ ಇಂಜೆಕ್ಷನ್ ಬರೆದು ಹೋದರು. ದೊಡ್ಡ ಸಿಸ್ಟರ್ ವಾರ್ಡಿನ ಆ ತುದಿಯಲ್ಲಿದ್ದರು. ಇಲ್ಲಿದ್ದವಳು ನೀನು ನರ್ಸಿಂಗ್ ಕಲಿಸಿದ ಶಿಷ್ಯೆ, ಎಲ್ಲರೂ ಚಿಕ್ಕ ಸಿಸ್ಟರ್ ಅನ್ನುವ ಹುಡುಗಿ. ಕೆಲಸಕ್ಕೆ ಸೇರಿ ಎಂಟು ತಿಂಗಳು, ಇನ್ನೂ ಕಾಯಂ ಆಗಿಲ್ಲ.

ದೊಡ್ಡ ಸಿಸ್ಟರ್ ಕಲಿಸಿದ ಹಾಗೆಯೇ ಅವಳು ಮಾಡಿದಳು. ಜಗ್ಗು ಎತ್ತಿ ಮೇಷ್ಟ್ರಿಗೆ ಕೊಟ್ಟಳು. "ಸಾರ್, ಸ್ವಲ್ಪ ನೀರು ತರ್ತೀರಾ?"

ಮೇಷ್ಟ್ರು ಜಗ್ಗು ತೆಗೆದುಕೊಂಡು ಕಿಟಕಿಕಟ್ಟೆಯ ಮೇಲಿಟ್ಟರು. "ನೀರೆಲ್ಲ ಆಮೇಲೆ. ಮೊದಲು ಇವಳನ್ನ ನೋಡಮ್ಮ. ಬೆಂಕಿ ಹಾಗೆ ಸುಡ್ತಿದಾಳೆ."

"ಒಂದೇ ನಿಮಿಷ ಸಾರ್..."

"ನಾನೆಲ್ಲೂ ಹೋಗಲ್ಲ."

ದೊಡ್ಡ ಸಿಸ್ಟರ್ ಆಗಿದ್ದರೆ ಆ ಮನುಷ್ಯನನ್ನು ಜಗ್ಗಿನ ಸಮೇತ ಎತ್ತಿ ಕಾರಿಡಾರಿಗೆ ಹಾಕುತ್ತಿದ್ದರು. ಈ ಹುಡುಗಿಗೆ ಅಷ್ಟು ಬಲವಿಲ್ಲ. ಹೆಂಡತಿಯ ಕಡೆಗೆ ಬಾಗಿ ಕೇಳಿದಳು. "ಅಮ್ಮಾ, ಯಾವುದಾದ್ರೂ ಔಷಧಿ ನಿಮಗೆ ಆಗಲ್ಲ ಅಂತ ಇದ್ಯಾ? ಮೈ ಕೆರೆಯೋದು, ಊದೋದು?"

"ಅಂಥದ್ದೇನೂ ಇಲ್ಲ" ಅಂದರು ಮೇಷ್ಟ್ರು. "ಹತ್ತೊಂಬತ್ತು ವರ್ಷದಿಂದ ಜೊತೇಲಿದೀನಿ, ನನಗೆ ಗೊತ್ತಿಲ್ವಾ? ಇಲ್ಲ ಅಂತ ಬರ್ಕೊ."

ಹೊದಿಕೆಯ ಮೇಲಿದ್ದ ಆಕೆಯ ಬಲಗೈ ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಆಮೇಲೆ ಇಳಿಯಿತು. ನಾನು ನೋಡಿದೆ. ಹುಡುಗಿ ಆ ಹೊತ್ತಿಗೆ ಚಾರ್ಟಿನ ಕಡೆ ತಿರುಗಿದ್ದಳು, ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಇದನ್ನು ಇನ್ನೊಮ್ಮೆ ಓದು. ಬೀದಿದೀಪ ಹತ್ತದಿದ್ದರೆ ಬಾಯಿ ಬಿಡುವ, ಗ್ರಂಥಾಲಯದ ಕುರ್ಚಿ ಕಿರುಗುಟ್ಟಿದರೆ ಬಾಯಿ ಬಿಡುವ ನಿನ್ನ ಅಪ್ಪ ಬಾಯಿ ಬಿಡಲಿಲ್ಲ.

ಇಂಜೆಕ್ಷನ್ ಕೊಟ್ಟು ಮೂರು ನಿಮಿಷವಾಗಿರಬಹುದು. ಆಕೆ ಅಂಗೈ ಉಜ್ಜಿಕೊಳ್ಳಲು ಶುರುಮಾಡಿದರು. ಆಮೇಲೆ ಕೆಮ್ಮು. "ಗಂಟಲು" ಅಂದರು, ಆ ಧ್ವನಿ ಅವರದಾಗಿರಲಿಲ್ಲ. ತುಟಿ ದಪ್ಪಗಾಯಿತು. ಮೇಷ್ಟ್ರು "ಏನಾಯ್ತೇ, ಎದ್ದು ಕೂತ್ಕೊ, ಗಾಳಿ ಬರುತ್ತೆ" ಎಂದು ಎಬ್ಬಿಸಲು ಹೋದರು. ಚಿಕ್ಕ ಸಿಸ್ಟರ್ ಅವರ ಕೈ ತಳ್ಳಿ "ಎಬ್ಬಿಸ್ಬೇಡಿ, ಮಲಗಿರಲಿ!" ಎಂದು ಕೂಗಿದಳು. ಆ ಕೂಗಿಗೆ ದೊಡ್ಡ ಸಿಸ್ಟರ್ ಆ ತುದಿಯಿಂದ ಬಂದರು. ಓಡಿ ಬಂದರು ಅಂತ ಬರೆಯಲಾರೆ. ಅಲ್ಲಿದ್ದರು, ಇಲ್ಲಿದ್ದರು, ನಡುವೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಹುಡುಗಿ ಟ್ರಾಲಿಯ ಒಳಬಾಗಿಲಿಗೆ ಅಂಟಿಸಿಟ್ಟ ಅಡ್ರಿನಲಿನ್ ತೆಗೆದು ಸಿರಿಂಜಿಗೆ ಎಳೆದಿದ್ದಳು. ತೊಡೆಯ ಹೊರಭಾಗಕ್ಕೆ, ಸೀರೆಯ ಮೇಲೇ ಚುಚ್ಚಿದಳು. ಕಾಲಿನ ಕೆಳಗೆ ಎರಡು ದಿಂಬು. ಮುಖಕ್ಕೆ ಆಮ್ಲಜನಕ. "ಹೊತ್ತು ನೋಡು" ಅಂದರು ದೊಡ್ಡ ಸಿಸ್ಟರ್. ಹುಡುಗಿ ಗಡಿಯಾರ ನೋಡಿ ತನ್ನ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಐದು ನಿಮಿಷಕ್ಕೆ ಎರಡನೆಯ ಸಲ ಚುಚ್ಚಿದರು. ಡಾಕ್ಟರು ಬರುವ ಹೊತ್ತಿಗೆ ಆ ತಾಯಿಗೆ ಉಸಿರು ಬಂದಿತ್ತು. ಮಾರನೆಯ ದಿನದವರೆಗೂ ಯಾರಾದರೊಬ್ಬರು ಮಂಚದ ಪಕ್ಕವೇ ಇದ್ದರು. ಒಮ್ಮೆ ಇಳಿದದ್ದು ಮತ್ತೆ ಏರಬಹುದು ಎಂದರು. ನೀನು ದಿನಾ ಮಾಡುವ ಕೆಲಸ, ನಿನಗೆ ಹೇಳುವುದೇನಿದೆ. ನಾನು ಮೊದಲ ಸಲ ಕಣ್ಣಾರೆ ನೋಡಿದೆ. ಜೀವ ಉಳಿಸುವ ಹೊತ್ತಿನಲ್ಲಿ ಯಾರೂ ದೊಡ್ಡ ಮಾತಾಡುವುದಿಲ್ಲ. "ದಿಂಬು", "ಹಿಡ್ಕೊ", "ಹೊತ್ತು ನೋಡು", ಅಷ್ಟೇ.

ಅದಾದ ಮೂರನೆಯ ದಿನ ಮೇಷ್ಟ್ರು ದೂರು ಕೊಟ್ಟರು. ಔಷಧಿ ಒಗ್ಗುತ್ತದೋ ಇಲ್ಲವೋ ಎಂದು ಯಾರೂ ಕೇಳಲೇ ಇಲ್ಲ, ಕೇಳದೆಯೇ ಚುಚ್ಚಿದರು ಎಂದು. ಚಾರ್ಟಿನಲ್ಲಿ "ಇಲ್ಲ" ಎಂದಿದೆಯಲ್ಲ ಅಂದರೆ, ಅದನ್ನು ಹುಡುಗಿಯೇ ತನ್ನಷ್ಟಕ್ಕೆ ಬರೆದುಕೊಂಡಳು ಅಂದರು. ಹುಡುಗಿಯನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಗೊತ್ತುಮಾಡಿದರು. ನಿನಗೆ ಅವಳು ಅತ್ತುಕೊಂಡು ಫೋನು ಮಾಡಿದ್ದು, ನೀನು ನನಗೆ ಬರೆದದ್ದು ಆಗಲೇ. "ಅಪ್ಪಾ, ನೀನು ಪಕ್ಕದ ಮಂಚದಲ್ಲೇ ಇದ್ದೆ. ಅವಳು ಕೇಳಿದಳೋ ಇಲ್ಲವೋ, ಒಂದು ಸಾಲು ಬರೆದುಕೊಡು. ಊರಿಗೆಲ್ಲ ಬರೆಯುವವನು ನೀನು, ಇದೊಂದು ಸಾಲಿಗೆ ಯಾಕೆ ತಡ?"

ಯಾಕೆ ತಡವೆಂದರೆ, ಮೇಷ್ಟ್ರು ನನ್ನ ಹತ್ತಿರ ಬಂದಿದ್ದರು. ಬಿಡುಗಡೆಯ ಹಿಂದಿನ ದಿನ ಸಂಜೆ ಕುರ್ಚಿ ಎಳೆದುಕೊಂಡು ಕೂತು, "ನೀವು ಓದಿದವರು, ಅನುಭವಸ್ಥರು. ಇಲ್ಲೇ ಇದ್ರಿ. ಯಾರೂ ಕೇಳಲಿಲ್ಲ ಅಂತ ನೀವೂ ಒಂದು ಮಾತು ಹೇಳಿ" ಅಂದರು.

"ಕೇಳಿದಳಲ್ಲ ಮೇಷ್ಟ್ರೇ" ಅಂದೆ.

"ಇಲ್ಲ ಸಾರ್, ಕೇಳಲಿಲ್ಲ" ಅಂದರು. ಅವರ ಕಣ್ಣು ನೋಡಿದೆ. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಪಿಟೀಲು. ನಾಲ್ಕೈದು ದಿನದಲ್ಲಿ ಅವರ ಮಟ್ಟಿಗೆ ಅದು ನಿಜವಾಗಿಬಿಟ್ಟಿತ್ತು. ಇಲ್ಲದಿದ್ದರೆ ಅವರು ಹೆಂಡತಿಯ ಪಕ್ಕ ಕೂತು ಅವಳಿಗೆ ಹಣ್ಣು ಹೆಚ್ಚಿಕೊಡುವುದು ಹೇಗೆ?

ದೊಡ್ಡ ಸಿಸ್ಟರ್ ಆ ತಾಯಿಯನ್ನೂ ಕೇಳಿದ್ದರು. ಮೇಷ್ಟ್ರನ್ನು ನೀರಿಗೆ ಕಳಿಸಿಯೇ ಕೇಳಿದ್ದರು. ಈ ಸಲ ಮಾತ್ರ ಜಗ್ಗು ಹಿಡಿದು ತಕ್ಷಣ ಹೋಗಿದ್ದರಂತೆ. "ಆ ಹುಡುಗಿ ಕೇಳಿದ್ಲು. ಇವರು ಹೇಳಿದ್ರು. ಚಿಕ್ಕವಳಿದ್ದಾಗ ನನಗೊಂದು ಸಲ ಹೀಗೇ ಆಗಿತ್ತು, ಹೇಳೋಣ ಅಂದ್ಕೊಂಡೆ" ಅಂದರಂತೆ ಆಕೆ. "ವಿಚಾರಣೇಲಿ ಹೇಳ್ತೀರಾ?" ಅಂದದ್ದಕ್ಕೆ, "ನಾನು ವಾಪಸು ಅದೇ ಮನೆಗೆ ಹೋಗ್ಬೇಕಲ್ಲಾ ಸಿಸ್ಟರ್" ಅಂದರಂತೆ.

ಹಾಗಾಗಿ ಉಳಿದವನು ನಾನೊಬ್ಬನೇ.

ವಿಚಾರಣೆ ಮೊನ್ನೆ ಗುರುವಾರ ಆಯಿತು. ಹೊರಗಿನ ಬೆಂಚಿನ ಮೇಲೆ ಚಿಕ್ಕ ಸಿಸ್ಟರ್ ನನ್ನ ಪಕ್ಕ ಕೂತಿದ್ದಳು. ಸಾದಾ ಬಟ್ಟೆಯಲ್ಲಿ ಇನ್ನೂ ಚಿಕ್ಕವಳಾಗಿ ಕಾಣುತ್ತಿದ್ದಳು. "ತಾತಾ, ನಿಮ್ಮ ಪತ್ರ ನಮಗೆ ಮೊದಲನೇ ಕ್ಲಾಸಿನಲ್ಲೇ ಓದಿ ಹೇಳಿದ್ರು ಮೇಡಮ್" ಅಂದಳು. ನಿನ್ನ ಅಮ್ಮ ಹೋದ ಮೇಲೆ ನಾನು ಪತ್ರಿಕೆಗೆ ಬರೆದ ಪತ್ರ. ಅದರ ತುಂಡನ್ನು ನೀನು ಇಪ್ಪತ್ತಾರು ವರ್ಷದಿಂದ ಇಟ್ಟುಕೊಂಡಿದ್ದೀಯ, ಪ್ರತಿ ವರ್ಷ ಹೊಸ ಮಕ್ಕಳಿಗೆ ಓದುತ್ತೀಯ ಎಂದು ನನಗೆ ಗೊತ್ತು. "ಬಾಯಿಪಾಠ ಬರುತ್ತೆ ತಾತಾ. 'ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಹೆಂಡತಿ ಇಂದು ಮನೆಯಲ್ಲಿರುತ್ತಿದ್ದಳು.' ಅದಕ್ಕೇ ನಾನು ಯಾವತ್ತೂ ಕೇಳದೆ ಬಿಡಲ್ಲ. ಅವತ್ತೂ ಕೇಳಿದೆ ತಾತಾ. ನೀವು ನೋಡಿದ್ರಿ ಅಲ್ವಾ?"

"ನೋಡಿದೆ" ಅಂದೆ.

ಒಳಗೆ ಉದ್ದ ಮೇಜು, ಮೂವರು. ನಡುವೆ ಆಸ್ಪತ್ರೆಯ ಮುಖ್ಯಸ್ಥರು. ಬದಿಯಲ್ಲಿ ದಾಖಲೆ ಕೋಣೆಯ ಗುಮಾಸ್ತ, ನನ್ನ ವಾರಗೆಯವನು, ಇನ್ನೇನು ನಿವೃತ್ತಿ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹುಡುಗಿ ಜಗ್ಗು ಕೊಟ್ಟಳು. ಮೇಷ್ಟ್ರು ಹೋಗಲಿಲ್ಲ. ಹುಡುಗಿ ಹೆಂಡತಿಯನ್ನು ಕೇಳಿದಳು. ಗಂಡ ಉತ್ತರಿಸಿದರು. ಹೆಂಡತಿಯ ಕೈ ಎದ್ದು ಇಳಿಯಿತು.

"ಜಗ್ಗು ಎಲ್ಲಿತ್ತು?" ಅಂದರು ಮುಖ್ಯಸ್ಥರು.

"ಕಿಟಕಿಕಟ್ಟೆಯ ಮೇಲೆ. ಸಂಜೆಯವರೆಗೂ ಅಲ್ಲೇ ಇತ್ತು, ಖಾಲಿ."

ಮೇಷ್ಟ್ರು ಎದ್ದು ನಿಂತರು. "ಇವರಿಗೆ ಜ್ವರ ಇತ್ತು ಸಾರ್! ನೆತ್ತಿಗೇರಿತ್ತು. ಉಣ್ಣೀನ ಪುರಸಭೆಗೆ ಕಳಿಸಿದೀನಿ ಅಂತಿದ್ರು!" ಕೋಣೆಯಲ್ಲಿ ಯಾರೋ ನಕ್ಕರು. ಮುಖ್ಯಸ್ಥರು ನನ್ನ ಕಡೆ ನೋಡಿದರು. ಕಳಿಸಿದ್ದು ನಿಜ ಎಂದು ನಾನು ವಿವರಿಸಲು ಹೊರಟೆ, ಅದರಿಂದ ನನ್ನ ಮಾತಿನ ತೂಕ ಇನ್ನೂ ಇಳಿಯುತ್ತಿತ್ತು. ಆಗ ಗುಮಾಸ್ತ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದ.

"ನೀವು ಇಪ್ಪತ್ತೈದು ಇಪ್ಪತ್ತಾರು ವರ್ಷದ ಹಿಂದೆ ಪತ್ರಿಕೆಗೆ ಬರೆದವರಲ್ವಾ? ಹೆಂಡತಿಯವರು ನಮ್ಮಲ್ಲೇ ತೀರ್ಕೊಂಡ್ರು. ನರ್ಸು ಕೇಳಲಿಲ್ಲ ಅಂತ."

ಹೌದು ಅಂದೆ.

ಅವನು ಮುಖ್ಯಸ್ಥರ ಕಡೆ ತಿರುಗಿದ. "ಸಾರ್, ನರ್ಸ್ ಕಡೆ ವಾಲೋ ಮನುಷ್ಯ ಅಲ್ಲ ಇವರು. ಅವತ್ತು ಇವರ ಪತ್ರದಿಂದಲೇ ಒಬ್ಬರ ಕೆಲಸ ಹೋಯ್ತು. ಇವರೇ ಬಂದು 'ಈ ಹುಡುಗಿ ಕೇಳಿದ್ಲು' ಅಂದ್ರೆ, ಕೇಳಿರ್ತಾಳೆ."

ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹುಡುಗಿಯ ಮೇಲಿನ ದೂರಿಗೆ ಆಧಾರವಿಲ್ಲ, ಸೋಮವಾರ, ಅಂದರೆ ನಾಳೆ, ಕೆಲಸಕ್ಕೆ ಬರಬಹುದು ಎಂದರು. ಜೊತೆಯವರು ಹೊರಗೆ ಹೋಗದೆ ಈ ಪ್ರಶ್ನೆ ಕೇಳಕೂಡದು, ಉತ್ತರವಿಲ್ಲದೆ ಸೂಜಿ ಚುಚ್ಚಕೂಡದು ಎಂದು ಲಿಖಿತ ನಿಯಮ ಮಾಡುತ್ತಾರಂತೆ. ದೊಡ್ಡ ಸಿಸ್ಟರಿಗೆ ಅದರಲ್ಲಿ ನಂಬಿಕೆಯಿಲ್ಲ. "ಕಾಗದದಲ್ಲಿ ಬರೆದಿದ್ದನ್ನ ಯಾರು ಓದ್ತಾರೆ ಯಜಮಾನ್ರೇ? ನನಗೆ ನಲ್ಲಿ ಇದ್ರೆ ಸಾಕು" ಅಂದರು. ಮೇಷ್ಟ್ರು ಗೇಟಿನ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದರು. ಅವರ ಹೆಂಡತಿ ಮಾತ್ರ ಒಮ್ಮೆ ತಿರುಗಿ ನೋಡಿದರು. ಕೈ ಎತ್ತಲಿಲ್ಲ, ಏನೂ ಇಲ್ಲ. ನೋಡಿದರು, ಅಷ್ಟೇ.

ಹುಡುಗಿ ನನ್ನ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ. ಅವಳಿಗೆ ಬೇಜಾರಾಗಿರಬೇಕು, ಮಂಡಿ ನೋವು ಎಂದು ನೆಪ ಹೇಳಿದೆ.

ಉಳಿದಂತೆ ಎಲ್ಲ ಕ್ಷೇಮ. ಹದಿನೆಂಟನೆಯ ಪತ್ರಕ್ಕೆ ಪುರಸಭೆಯಿಂದ ಉತ್ತರ ಬಂತು. "ಲಗತ್ತು ಸ್ವೀಕರಿಸಲಾಗಿದೆ." ಮಾರನೆಯ ದಿನ ಇಬ್ಬರು ಬಂದು ಹುಲ್ಲು ಕೊಯ್ದರು. ಹನ್ನೊಂದು ವರ್ಷ ನಾನು ಬರೆದದ್ದಕ್ಕಿಂತ ಒಂದು ಸತ್ತ ಉಣ್ಣಿ ಚೆನ್ನಾಗಿ ವಾದಿಸಿತು.

ಅಳಿಯಂದಿರಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ವಾರ್ಡಿನಲ್ಲಿ ನಿಂತೇ ತಿನ್ನುವ ಅಭ್ಯಾಸ ಬಿಡು. ನಿನ್ನ ಕೈಯಲ್ಲಿ ಬೆಳೆದ ಮಕ್ಕಳೆಲ್ಲ ಈ ಹುಡುಗಿಯ ಹಾಗೆ ಕೇಳುವವರಾಗಲಿ. ನಿನಗೆ ಒಳ್ಳೆಯದಾಗಲಿ, ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ.

ಇತಿ,
ನಿನ್ನ ಅಪ್ಪ

ತಾ.ಕ.: ಮೇಲಿನದನ್ನು ಬರೆದು ಲಕೋಟೆಗೆ ಹಾಕಿ, ಅಂಟು ಹಚ್ಚುವ ಮುಂಚೆ ಮತ್ತೆ ತೆಗೆದೆ.

ಆ ಪತ್ರಿಕೆಯ ತುಂಡನ್ನು ಇನ್ನು ಮಕ್ಕಳಿಗೆ ಓದಬೇಡ. ಅದರಲ್ಲಿ ಒಂದು ತಪ್ಪಿದೆ. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆದವನು ನಾನು. ಇದೊಂದನ್ನು ಗೊತ್ತಿದ್ದೇ ಅಚ್ಚಿಗೆ ಬಿಟ್ಟೆ.

ಆ ನರ್ಸು ಕೇಳಿದ್ದರು. ನಿನ್ನ ಅಮ್ಮನ ಕಾಲಿನ ಗಾಯ ಕೀವಾಗಿತ್ತು, ಇಂಜೆಕ್ಷನ್ ಕೊಡಬೇಕಿತ್ತು. "ಯಾವುದಾದ್ರೂ ಔಷಧಿ ಆಗಲ್ಲ ಅಂತ ಇದ್ಯಾಮ್ಮಾ?" ಎಂದು ಅವಳ ಮುಖ ನೋಡಿಯೇ ಕೇಳಿದರು. ನಾನು "ಇಲ್ಲ" ಅಂದೆ. ನಿನ್ನ ಅಮ್ಮ ನನ್ನ ತೋಳು ಹಿಡಿದಳು. "ನೀನು ಸುಮ್ನಿರು, ನಾನು ಹೇಳ್ತಿದೀನಲ್ಲ" ಅಂದೆ. ಅದು ಅವಳಿಗೆ ನಾನು ಆಡಿದ ಕೊನೆಯ ಪೂರ್ತಿ ವಾಕ್ಯ. ಮದುವೆಗೆ ಮುಂಚೆ ಒಮ್ಮೆ ಸೂಜಿ ಚುಚ್ಚಿದಾಗ ಅವಳ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತೆಂದು ನಿನ್ನ ದೊಡ್ಡಮ್ಮ ಆಮೇಲೆ ಹೇಳಿದಳು. ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ.

ಮೇಷ್ಟ್ರ ಹಾಗೆ ನಾನೂ ನಂಬಿಬಿಟ್ಟಿದ್ದೆ ಎಂದು ಬರೆದರೆ ನಿನಗೆ ಸುಲಭವಾಗುತ್ತಿತ್ತು. ನಂಬಿರಲಿಲ್ಲ. ನನ್ನ ನೆನಪು ಎಂಥದ್ದೆಂದು ನಿನಗೆ ಗೊತ್ತು. ವಾರ್ಡಿನಲ್ಲಿ ಆ ತಾಯಿಯ ಕೈ ಮೇಲೆದ್ದಾಗ ನನ್ನ ತೋಳಿನ ಮೇಲೆ ಇನ್ನೊಂದು ಕೈ ಬಿತ್ತು, ನಾಲಗೆ ಏಳಲಿಲ್ಲ. ಅಷ್ಟು ವರ್ಷ ಕಳೆದು ಎರಡನೆಯ ಸಲವೂ ನಾನು ಹೆಂಗಸೊಬ್ಬಳ ಕೈ ಇಳಿಯುವುದನ್ನು ಸುಮ್ಮನೆ ನೋಡಿದೆ.

ಆ ನರ್ಸೇ ದೊಡ್ಡ ಸಿಸ್ಟರಿಗೆ ಜಗ್ಗಿನ ಉಪಾಯ ಕಲಿಸಿದವರು. ವಿಚಾರಣೆ ಮುಗಿದ ಮೇಲೆ ಕೇಳಿ ತಿಳಿದುಕೊಂಡೆ. ಕೆಲಸ ಹೋದ ಮೇಲೆ ಊರು ಬಿಟ್ಟರಂತೆ, ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಮುಖ್ಯಸ್ಥರಿಗೆ ಇದನ್ನೆಲ್ಲ ಬರೆದು ಇದರ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ಹುಡುಗಿಯ ವಿಷಯದಲ್ಲಿ ನಾನು ಹೇಳಿದ್ದು ನಿಜ. ಅದನ್ನು ನಂಬಲು ಅವರಿಗೆ ಸಿಕ್ಕ ಕಾರಣ ಮಾತ್ರ ಸುಳ್ಳು. ಅದೂ ಅವರಿಗೆ ಗೊತ್ತಿರಲಿ. ಮತ್ತೆ ವಿಚಾರಣೆಗೆ ಕರೆದರೆ ಮತ್ತೆ ಹೋಗುತ್ತೇನೆ.

ನಿನಗೆ ಆಗ ಒಂಬತ್ತು ವರ್ಷ. ಆ ದಿನ ನೀನು ಎರಡೂ ಕೈಯಲ್ಲಿ ಜಗ್ಗು ಹಿಡಿದು, ಲಂಗವೆಲ್ಲ ನೆನೆಸಿಕೊಂಡು ವಾಪಸು ಬಂದಾಗ ಅಮ್ಮನ ಸುತ್ತ ಜನ ನಿಂತಿದ್ದರು. "ಅಪ್ಪಾ, ನಾನು ನೀರು ಬೇಗ ತಂದಿದ್ರೆ ಅಮ್ಮ ಉಳೀತಿದ್ಲಾ?" ಎಂದು ನೀನು ಆ ವಾರವೆಲ್ಲ ಕೇಳಿದೆ. "ಇಲ್ಲಮ್ಮಾ, ನಿಂದೇನೂ ತಪ್ಪಿಲ್ಲ. ಆ ನರ್ಸು ಕೇಳಲಿಲ್ಲ" ಅಂದೆ. ಸುಳ್ಳು ಹುಟ್ಟಿದ್ದು ಅಲ್ಲಿ. ನಿನ್ನ ಸಮಾಧಾನಕ್ಕೆ ಹೇಳಿದೆ ಎಂದರೆ ಅರ್ಧ ನಿಜ. ಉಳಿದರ್ಧ ನನಗಾಗಿ ಹೇಳಿಕೊಂಡೆ. ನೀನು ಈಗಲೂ ಯಾರ ಮನೆಗೆ ಹೋದರೂ ಮೊದಲು ನೀರಿನ ಪಾತ್ರೆ ತುಂಬಿದೆಯೇ ಎಂದು ನೋಡುತ್ತೀಯ. ಅದನ್ನು ನೋಡಿದಾಗಲೆಲ್ಲ ನಾನು ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಂಡಿದ್ದೇನೆ.

ನೀರಿಗೆ ಹೋಗಬೇಕಾಗಿದ್ದವಳು ನೀನಲ್ಲ. ಆ ನರ್ಸು ಜಗ್ಗು ಕೊಟ್ಟದ್ದು ನನ್ನ ಕೈಗೆ. ನಾನು ಅದನ್ನು ನಿನ್ನ ಕೈಗೆ ದಾಟಿಸಿ, ಅಲ್ಲೇ ನಿಂತೆ.